ಮರಳುಗಾಡಿನ ಹಾದಿಯಲ್ಲಿ ಎರಡು ದಿನ

ಕೊಲ್ಲಿ ರಾಷ್ಟ್ರಗಳ ನಂಟಿಲ್ಲದ ಮನೆ ಕರಾವಳಿಯ ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ವಿರಳ. ಅಲ್ಲಿ ದುಡಿಯುವ ಮಕ್ಕಳ ಸಂಪಾದನೆಯಿಂದ ಮನೆಗಳು ಎದ್ದಿವೆ, ತಂಗಿಯರ ಮದುವೆಗಳು ನಡೆದಿವೆ. ಆದರೆ ಅವರು ದುಡಿಯುವ ನೆಲವನ್ನು ಕಣ್ಣಾರೆ ಕಂಡ ಹೆತ್ತವರು ಕಡಿಮೆ. 2024ರ ಕ್ರಿಸ್ಮಸ್ ರಜೆಯಲ್ಲಿ ಅಬುಧಾಬಿಯಲ್ಲಿರುವ ಮಗನ ಮನೆಗೆ ಹೋದಾಗ ನಮಗೆ ದಂಪತಿಗೆ ಆ ಅವಕಾಶ ಒದಗಿತು.

ಪೆಟ್ಟಿಗೆಯಲ್ಲಿ ಕುಸ್ವಾರಿನ ಡಬ್ಬಗಳಿದ್ದವು. ಮನಸ್ಸಿನಲ್ಲಿ ಒಂದು ಪ್ರಶ್ನೆಯಿತ್ತು. ಊರಿನ ನಮ್ಮ ಅಡಿಕೆ ತೋಟವನ್ನು ಕೊಳ್ಳಲು ಒಬ್ಬರು ಮುಂದೆ ಬಂದಿದ್ದರು. ನಮಗೆ ವಯಸ್ಸಾಗಿದೆ, ಕೆಲಸಕ್ಕೆ ಜನ ಸಿಗುವುದಿಲ್ಲ. ಮಗ ಹಿಂದಿರುಗುವನೋ ಇಲ್ಲವೋ ಎಂದು ತಿಳಿಯದೆ ಅವರಿಗೆ ಉತ್ತರ ಕೊಡುವಂತಿರಲಿಲ್ಲ.

ಅಲ್ಲಿ 2022ರ ಜನವರಿಯಿಂದ ವಾರದ ರಜೆ ಶನಿವಾರ ಮತ್ತು ಭಾನುವಾರಗಳಿಗೆ ಬದಲಾಗಿದೆ. ಹಬ್ಬದ ಮರುವಾರಾಂತ್ಯದಲ್ಲಿ ಮಗ, ಸೊಸೆ, ಮೊಮ್ಮಗಳೊಂದಿಗೆ ಕಾರಿನಲ್ಲಿ ಹೊರಟೆವು. ಮೊದಲ ದಿನದ ದಾರಿ ಪೂರ್ವಕ್ಕೆ, ಸುಮಾರು 160 ಕಿ.ಮೀ. ದೂರದ ಅಲ್ ಐನ್ ನಗರಕ್ಕೆ. ರಸ್ತೆಯ ಇಕ್ಕೆಲಗಳಲ್ಲಿ ನೆಟ್ಟ ಮರಗಳು. ಬುಡದಲ್ಲಿ ಹನಿ ನೀರಾವರಿಯ ಕೊಳವೆ. ಅದರಾಚೆ ಒಂಟೆಗಳು ರಸ್ತೆಗೆ ಬಾರದಂತೆ ಬೇಲಿ. ಒಳನಾಡಿಗೆ ಹೋದಂತೆ ಮಸುಕು ಮರಳು ಕೆಂಪಗಾಗುತ್ತದೆ. ಅಲ್ಲಲ್ಲಿ ತಾನಾಗಿ ಬೆಳೆದು ನಿಂತ ಮರವೊಂದನ್ನು ಅರಬರು 'ಗಾಫ್' ಎನ್ನುತ್ತಾರೆ. ಅದು ಬೇರಾವುದೂ ಅಲ್ಲ, ವಿಜಯದಶಮಿಯಂದು ನಮ್ಮ ನೆರೆಹೊರೆಯವರು ಪೂಜಿಸುವ ಬನ್ನಿ ಮರ. ಬೇರನ್ನು ಬಹಳ ಆಳಕ್ಕೆ ಇಳಿಸಿ ನೀರು ಹುಡುಕುವ ಮರವದು.

ಅಲ್ ಐನ್‌ನ ಖರ್ಜೂರದ ತೋಪಿನಲ್ಲಿ 1,40,000ಕ್ಕೂ ಮಿಕ್ಕಿ ಮರಗಳಿವೆ. ಬೆಟ್ಟದ ಬುಡದ ಅಂತರ್ಜಲವನ್ನು ನೆಲದಡಿಯ ಕಾಲುವೆಯಲ್ಲಿ, ಇಳಿಜಾರಿನ ಬಲದಿಂದಲೇ, ತೋಟಕ್ಕೆ ತರುವ ವ್ಯವಸ್ಥೆಗೆ 'ಫಲಜ್' ಎಂದು ಹೆಸರು. ಕಾಸರಗೋಡು, ಬಂಟ್ವಾಳಗಳ ಗುಡ್ಡದ ಸುರಂಗ ಬಾವಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಪ್ರದೇಶದ ಹಳೆಯ ಕಾಲುವೆಗಳಿಗೆ ಸುಮಾರು 3,000 ವರ್ಷಗಳ ಇತಿಹಾಸವಿದೆ. 2011ರಲ್ಲಿ ಯುನೆಸ್ಕೋ ಇಲ್ಲಿನ ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿ ನೀರನ್ನು ಅಳೆಯುವುದು ಹೊತ್ತಿನಿಂದ. ಇಂತಿಷ್ಟು ಹೊತ್ತು ಈ ತೋಟಕ್ಕೆ, ಆಮೇಲೆ ಮುಂದಿನದಕ್ಕೆ, ಸರದಿ ತಪ್ಪಿಸುವಂತಿಲ್ಲ. ಅಂತರ್ಜಲ ಕುಸಿದಿರುವುದರಿಂದ ಈಗ ಕೊಳವೆಬಾವಿಯ ನೀರನ್ನೂ ಕಾಲುವೆಗೆ ಬಿಡುತ್ತಾರೆ.

ಮರುದಿನ ಬಲಿಪೂಜೆ ಮುಗಿಸಿ ನೈರುತ್ಯಕ್ಕೆ, ಇನ್ನೂರು ಕಿ.ಮೀ.ಗೂ ದೂರದ ಲಿವಾದತ್ತ ಸಾಗಿದೆವು. ಸುಮಾರು 6,50,000 ಚದರ ಕಿ.ಮೀ. ಹರಡಿರುವ 'ರುಬ್ ಅಲ್ ಖಾಲಿ' ಮರಳುಗಾಡಿನ ಅಂಚಿನಲ್ಲಿ ಬಿಲ್ಲಿನಂತೆ ಬಾಗಿದ ಹಳ್ಳಿಗಳ ಸಾಲು ಅದು. ಮರಳ ದಿಬ್ಬಗಳ ನಡುವಿನ ತಗ್ಗುಗಳಲ್ಲಿ ಖರ್ಜೂರದ ತೋಟಗಳಿವೆ. ಈ ಮರಳಿನಡಿಯಲ್ಲಿಯೇ ಸಮುದ್ರದ ನೀರನ್ನು ಸಿಹಿಯಾಗಿಸಿ ಕೂಡಿಟ್ಟಿದ್ದಾರೆ. 2018ರಲ್ಲಿ ಸಿದ್ಧವಾದ ಈ ಸಂಗ್ರಹವು ಆಪತ್ಕಾಲದಲ್ಲಿ ಹತ್ತು ಲಕ್ಷ ಜನರಿಗೆ, ತಲಾ 180 ಲೀಟರಿನಂತೆ, 90 ದಿನ ಸಾಕಾಗುತ್ತದೆ.

ನಮ್ಮ ಮನಸ್ಸನ್ನು ತಟ್ಟಿದ್ದು ಲಿವಾದ ಹಿಂದಿನ ಬದುಕು. ಇಲ್ಲಿನ ಬನಿ ಯಾಸ್ ಬುಡಕಟ್ಟಿನ ಗಂಡಸರನೇಕರು ಬೇಸಿಗೆಯಲ್ಲಿ ಒಂಟೆಯೇರಿ ಕಡಲತೀರಕ್ಕೆ ಹೋಗಿ ಮುತ್ತಿಗಾಗಿ ಮುಳುಗುತ್ತಿದ್ದರು. ತಿಂಗಳುಗಳ ಬಳಿಕ ಮನೆಗೆ ಮರಳುತ್ತಿದ್ದರು. 1930ರ ದಶಕದಲ್ಲಿ ಜಪಾನಿನ ಕೃಷಿ ಮುತ್ತುಗಳಿಂದಲೂ ಜಾಗತಿಕ ಆರ್ಥಿಕ ಕುಸಿತದಿಂದಲೂ ಆ ವ್ಯಾಪಾರ ಮುರಿದುಬಿತ್ತು. ಅಬುಧಾಬಿಯ ತೈಲ ಮೊದಲು ರಫ್ತಾದದ್ದು 1962ರಲ್ಲಿ. ಅಲ್ಲಿಯವರೆಗಿನ ವರ್ಷಗಳು ಕಡುಬಡತನದವು.

"ಇವರೂ ನಮ್ಮ ಹಾಗೆಯೇ ಹೊಟ್ಟೆಪಾಡಿಗೆ ಮನೆ ಬಿಟ್ಟವರು, ಪಪ್ಪಾ," ಎಂದ ಮಗ.

"ತೋಟ ನೋಡುವವರು ಊರಿನಲ್ಲಿದ್ದರು, ಹೋದವರು ಕೊಯ್ಲಿನ ಆದಾಯ ಕೇಳಲು ಮಾತ್ರ ಬರುತ್ತಿರಲಿಲ್ಲ," ಎಂದಳು ಅವನ ತಾಯಿ.

ಮಾತು ಅಲ್ಲಿಂದ ನೇರವಾಗಿ ನಮ್ಮ ತೋಟಕ್ಕೆ ಬಂತು. ಹಿಂದಿರುಗುವ ದಾರಿಯುದ್ದಕ್ಕೂ ಮುಚ್ಚುಮರೆಯಿಲ್ಲದೆ ಮಾತನಾಡಿದೆವು. ಅಲ್ಲಿನ ವಾಸದ ಪರವಾನಿಗೆ ಹೆಚ್ಚಿನವರಿಗೆ ನೌಕರಿಗೆ ಅಂಟಿಕೊಂಡದ್ದು. ನೌಕರಿ ಮುಗಿದರೆ ಊರಿಗೆ ಬರಲೇಬೇಕು. ಆದರೆ ಮಗಳ ವಿದ್ಯಾಭ್ಯಾಸ ಮುಗಿಯುವವರೆಗೆ ಬರಲಾರೆನೆಂದು ಮಗ ಸ್ಪಷ್ಟವಾಗಿ ಹೇಳಿದ. ಕೇಳಲು ಕಹಿಯಾದರೂ ಅದು ಪ್ರಾಮಾಣಿಕ ಉತ್ತರ. ಕೊನೆಗೆ ತೋಟದ ಮೇಲಿನ ಭಾಗವನ್ನು ಮಾರಿ, ಬಾವಿಯಿರುವ ಕೆಳಗಿನ ಭಾಗವನ್ನು ಉಳಿಸಿಕೊಳ್ಳುವುದೆಂದು ನಿಶ್ಚಯಿಸಿದೆವು. ಅದರ ಖರ್ಚು ಮಗನದು, ಮೇಲ್ವಿಚಾರಣೆ ನಮ್ಮದು. ಡಿಸೆಂಬರಿನ ಶಾಲಾ ರಜೆ ಅಡಿಕೆ ಕೊಯ್ಲಿನ ಕಾಲಕ್ಕೇ ಬರುವುದರಿಂದ ಪ್ರತಿವರ್ಷ ಅವನ ಕುಟುಂಬ ಊರಿಗೆ ಬರಬೇಕು. ಮೊಮ್ಮಗಳು ಮುಂದೆ ಆ ತೋಟವನ್ನು ಬಯಸುವಳೇ ಎಂಬುದನ್ನು ನಾವು ತೀರ್ಮಾನಿಸುವಂತಿಲ್ಲ. ಕೈಗೂಸಾಗಿದ್ದಾಗ ಕಂಡ ಅದರ ದಾರಿಯನ್ನು ಅವಳು ಮರೆಯದಿದ್ದರೆ ಸಾಕು.

ಕೊಲ್ಲಿಯಲ್ಲಿ ಮಕ್ಕಳಿರುವ ಓದುಗರಲ್ಲಿ ನಮ್ಮದೊಂದು ವಿನಂತಿ. ಅನುಕೂಲವಿದ್ದರೆ ಒಮ್ಮೆ ಹೋಗಿ ಬನ್ನಿ. ಗಗನಚುಂಬಿ ಕಟ್ಟಡಗಳನ್ನೂ ಮಳಿಗೆಗಳನ್ನೂ ನೋಡಿ. ಒಂದು ದಿನವನ್ನು ಮರಳುಗಾಡಿಗೂ ಮೀಸಲಿಡಿ. ಮನೆ, ಜಮೀನು, ಮುಪ್ಪಿನ ಆಸರೆ, ಇವುಗಳ ಮಾತನ್ನು ಫೋನಿನಲ್ಲಿ ಮುಂದೂಡುತ್ತಾ ಹೋಗುವುದು ಸುಲಭ. ಒಂದೇ ಕಾರಿನಲ್ಲಿ ಮೂರು ಗಂಟೆ ಜೊತೆಯಾಗಿ ಕುಳಿತಾಗ ಅದನ್ನು ಆಡದೆ ವಿಧಿಯಿಲ್ಲ.