ಕೇಜನ್ ನಗೆ ಮತ್ತು ಆಡುನುಡಿಯ ಕಥನ

ಅಮೆರಿಕದ ದಕ್ಷಿಣ ಲೂಸಿಯಾನದಲ್ಲಿ ಬೂಡ್ರೋ ಮತ್ತು ಟಿಬೊಡೋ ಎಂಬ ಗೆಳೆಯರ ಹೆಸರು ಕೇಳದವರು ವಿರಳ. ಕೇಜನ್ ಜನರ ನಗೆಗತೆಗಳಲ್ಲಿ ಇವರು ಕಾಯಂ ಪಾತ್ರಗಳು. ಈ ಕಥೆಗಳ ಇಂಗ್ಲಿಷು ಫ್ರೆಂಚಿನ ಎರಕದಲ್ಲಿ ಮೂಡಿದ್ದು. ಇಲ್ಲಿ ನಗುವವರು ಯಾರು, ನಗೆಗೀಡಾಗುವವರು ಯಾರು ಎಂದು ಕೇಳಿಕೊಂಡರೆ ಒಂದು ನುಡಿಯ ಏಳುಬೀಳೇ ಕಾಣುತ್ತದೆ. ಅದನ್ನು ಸಂಕ್ಷೇಪವಾಗಿ ವಿವರಿಸುತ್ತೇನೆ.

ಕೇಜನ್ನರ ಪೂರ್ವಜರು ಇಂದಿನ ಕೆನಡಾದ ನೋವಾ ಸ್ಕೋಷಿಯ ಪ್ರದೇಶದ ಅಕೇಡಿಯದಲ್ಲಿ ನೆಲೆಸಿದ್ದ ಫ್ರೆಂಚ್ ಭಾಷಿಕರು. 1755ರಲ್ಲಿ ಬ್ರಿಟಿಷರು ಅವರನ್ನು ಹೊರದೂಡತೊಡಗಿದರು. ಚದುರಿಹೋದವರಲ್ಲಿ ಹಲವರು 1760ರ ದಶಕದಿಂದ ಲೂಸಿಯಾನದ ಜೌಗುನಾಡನ್ನು ಸೇರಿದರು. 'ಅಕಾಡಿಯಾಂ' ಎಂಬ ಫ್ರೆಂಚ್ ಪದವೇ ಸವೆದು 'ಕೇಜನ್' ಆಯಿತು.

ಇವರ ಹಳೆಯ ಕಥೆಗಳೆಲ್ಲ ಫ್ರೆಂಚಿನಲ್ಲಿದ್ದವು. ಸಂಜೆ ನೆರೆಹೊರೆಯವರು ಒಂದು ಮನೆಯಲ್ಲಿ ಕೂಡಿ ಹೇಳಿ ಕೇಳುತ್ತಿದ್ದ ಕಥೆಗಳವು. ಬೂಕಿ ಮತ್ತು ಲಪ್ಯಾಂ ಜೋಡಿ ಅವುಗಳಲ್ಲಿ ಪ್ರಸಿದ್ಧ. 'ಬೂಕಿ' ಎಂದರೆ ಸೆನೆಗಲ್ಲಿನ ವೊಲೊಫ್ ಭಾಷೆಯಲ್ಲಿ ಕತ್ತೆಕಿರುಬ. 'ಲಪ್ಯಾಂ' ಫ್ರೆಂಚಿನ ಮೊಲ. ಗುಲಾಮರಾಗಿ ಬಂದ ಆಫ್ರಿಕನ್ನರ ಕಥೆ ಕೇಜನ್ ಹಜಾರಕ್ಕೂ ಹಬ್ಬಿದ್ದಕ್ಕೆ ಈ ಎರಡು ಹೆಸರುಗಳೇ ಸಾಕ್ಷಿ. ಜಾನಪದ ವಿದ್ವಾಂಸ ಬ್ಯಾರಿ ಜಾನ್ ಆನ್ಸಲೇ ಇಂಥ ಕಥೆಗಳನ್ನು ಕಥೆಗಾರರ ಬಾಯಿಂದಲೇ ಸಂಗ್ರಹಿಸಿ, ಮೂಲ ಫ್ರೆಂಚ್ ಮತ್ತು ಇಂಗ್ಲಿಷ್ ಅನುವಾದಗಳೊಡನೆ 1994ರಲ್ಲಿ ಪ್ರಕಟಿಸಿದರು.

ಅಷ್ಟರೊಳಗೆ ಆ ಭಾಷೆಗೆ ದೊಡ್ಡ ಪೆಟ್ಟು ಬಿದ್ದಿತ್ತು. 1921ರ ರಾಜ್ಯ ಸಂವಿಧಾನವು ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷನ್ನು ಕಡ್ಡಾಯಗೊಳಿಸಿತು. ಫ್ರೆಂಚ್ ಆಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ಆ ಅವಮಾನವನ್ನು ಉಂಡವರು ತಂದೆತಾಯಿಯರಾದಾಗ, ತಮ್ಮ ಮಕ್ಕಳಿಗೆ ಫ್ರೆಂಚ್ ಕಲಿಸಲು ಹಿಂಜರಿದರು.

ಭಾಷೆ ಹಿಂದೆ ಸರಿದರೂ ಅದರ ನಡಿಗೆ ಇಂಗ್ಲಿಷಿನಲ್ಲಿ ಉಳಿಯಿತು. 'ದಿಸ್' ಎಂಬುದು 'ಡಿಸ್' ಆಯಿತು. 'ನನಗೆ ಗೊತ್ತಿಲ್ಲ' ಎನ್ನುವಾಗ ಫ್ರೆಂಚಿನ ರೂಢಿಯಂತೆ ವಾಕ್ಯದ ಕೊನೆಗೆ ಮತ್ತೊಮ್ಮೆ 'ಮಿ' ಸೇರುತ್ತದೆ. ತುಂಬ ಬಿಸಿಯಾದದ್ದು 'ಹಾಟ್ ಹಾಟ್'. ನಮ್ಮ 'ಬಿಸಿಬಿಸಿ'ಯನ್ನು ಬಲ್ಲವರಿಗೆ ಈ ದ್ವಿರುಕ್ತಿ ಹೊಸದೇನಲ್ಲ.

ಬಾಯಿಂದ ಬಾಯಿಗೆ ಸಾಗಿದ ಒಂದು ಕಥೆ ಹೀಗಿದೆ. ಬಲೆ, ಗಾಳಗಳಿಲ್ಲದೆ ಬೂಡ್ರೋ ದೋಣಿತುಂಬ ಮೀನು ತರುತ್ತಾನೆ. ಸಂಶಯಗೊಂಡ ಮೀನುಗಾರಿಕೆ ಅಧಿಕಾರಿ ಒಂದು ದಿನ ಅವನ ದೋಣಿ ಏರುತ್ತಾನೆ. ಬೂಡ್ರೋ ಡೈನಮೈಟ್ ಕಡ್ಡಿಯನ್ನು ಹೊತ್ತಿಸಿ ನೀರಿಗೆಸೆಯುತ್ತಾನೆ, ಮೀನುಗಳು ತೇಲಿಬರುತ್ತವೆ. ಅಧಿಕಾರಿ ಕಾಯಿದೆಯ ಕಲಮುಗಳನ್ನು ಹೇಳತೊಡಗುತ್ತಾನೆ. ಬೂಡ್ರೋ ಇನ್ನೊಂದು ಕಡ್ಡಿ ಹೊತ್ತಿಸಿ, ಅದನ್ನು ಅವನ ಕೈಗೇ ಕೊಟ್ಟು ಕೇಳುತ್ತಾನೆ: "ಮಾತಾಡ್ತಾ ಕೂರ್ತೀರೋ, ಮೀನು ಹಿಡೀತೀರೋ, ಸಾಹೇಬ್ರೇ?"

ಇಲ್ಲಿ ಪೇಚಿಗೆ ಸಿಲುಕುವುದು ಅಧಿಕಾರ. ಆದರೆ ಬೂಡ್ರೋ ಬರಿಯ ದಡ್ಡನಾಗಿ, ಅವನ ಉಚ್ಚಾರಣೆಯೇ ನಗೆಯ ಸರಕಾಗುವ ಕಥೆಗಳೂ ಹೇರಳವಾಗಿವೆ. ಮೊದಲನೆಯದು ಒಳಗಿನವರ ನಗೆ. ಎರಡನೆಯದು ಹೊರಗಿನವರಿಗೆ ಒದಗಿಸಿದ ನಗೆ.

ಜಸ್ಟಿನ್ ವಿಲ್ಸನ್ (1914–2001) ಕುರಿತ ವಿವಾದದ ತಿರುಳೂ ಇದೇ. ಧ್ವನಿಮುದ್ರಿಕೆಗಳಿಂದಲೂ ಟಿವಿಯ ಅಡುಗೆ ಕಾರ್ಯಕ್ರಮಗಳಿಂದಲೂ ಕೇಜನ್ ಧಾಟಿಯನ್ನು ಅಮೆರಿಕದಾದ್ಯಂತ ಪರಿಚಯಿಸಿದವರು ಅವರು. ಆದರೆ ಅವರು ಹುಟ್ಟಿದ ರೋಸ್‌ಲ್ಯಾಂಡ್ ಕೇಜನ್ ಸೀಮೆಯ ಹೊರಗಿನ ಊರು. ಅವರ ಮಾತುಗಾರಿಕೆಯನ್ನು ಮೆಚ್ಚಿದ ಕೇಜನ್ನರಿದ್ದಂತೆ, ತಮ್ಮನ್ನು ಪೆದ್ದರಾಗಿ ಚಿತ್ರಿಸಿದರೆಂದು ನೊಂದವರೂ ಇದ್ದರು. ಇತ್ತ ಲೂಸಿಯಾನ ಸರ್ಕಾರ 1968ರಲ್ಲಿ ಫ್ರೆಂಚ್ ಭಾಷೆಯ ಏಳಿಗೆಗೆಂದೇ ಕೋಡೋಫಿಲ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಇಂದು ಫ್ರೆಂಚಿನಲ್ಲೇ ಪಾಠ ಹೇಳುವ ಶಾಲೆಗಳು ಅಲ್ಲಿವೆ.

ಹೊರನಾಡ ಕನ್ನಡಿಗರಿಗೆ ಈ ಕಥನ ದೂರದ್ದಲ್ಲ ಎಂದು ನನಗನ್ನಿಸುತ್ತದೆ. ಅಜ್ಜ-ಅಜ್ಜಿಯರ ಇಂಗ್ಲಿಷನ್ನು ಅಣಕಿಸಿ ನಗಿಸುವ ಮೊಮ್ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ಆ ನಗೆಯಲ್ಲಿ ಪ್ರೀತಿಯೂ ಇರಬಹುದು. ಆದರೆ ಅಜ್ಜಿ ಕನ್ನಡದಲ್ಲಿ ನಗೆಯಾಡಿದಾಗ ಆ ಮಕ್ಕಳಿಗೆ ನಗಲು ಬರುತ್ತದೆಯೇ? ಲೂಸಿಯಾನದ ಎಷ್ಟೋ ಮನೆಗಳಲ್ಲಿ ಕೊನೆಗೆ ಉಳಿದದ್ದು ಧಾಟಿಯೊಂದೇ. ಅದು ಬಂದ ಭಾಷೆಯನ್ನು ಶಾಲೆಗೆ ಹೋಗಿ ಕಲಿಯಬೇಕಾಯಿತು.