ಅಟ್ಟದ ಹಲಗೆಗೆ ಯಾವ ಎಣ್ಣೆ, ಯಾವ ಪಾಲಿಶ್?

ಹುತ್ತೂರು ಹೋಬಳಿಯ ಕಡೆ ಮನೆಯ ನೆಲ ಅಂದರೆ ಕಲ್ಲುಚಪ್ಪಡಿ, ರೆಡ್ ಆಕ್ಸೈಡ್, ಈಗೀಗ ಟೈಲ್ಸು, ಗ್ರಾನೈಟು. ಮರದ ಮೇಲೆ ಕಾಲಿಡುವುದು ಹಳೆಯ ಮನೆಗಳ ಅಟ್ಟದಲ್ಲಿ, ಮರದ ಮೆಟ್ಟಿಲಿನಲ್ಲಿ ಮಾತ್ರ. ಹೊಸದಾಗಿ ಕಟ್ಟುವವರಲ್ಲಿ ಕೆಲವರು ಮಹಡಿಯ ಕೋಣೆಗೆ ಮರದ ನೆಲ ಹಾಕಿಸುವುದೂ ಉಂಟು. ಬಾಗಿಲಿಗೆ ಪಾಲಿಶ್ ಮಾಡಲು ಬಂದವರಿಗೇ ‘ಇದಕ್ಕೂ ಒಂದು ಕೈ ಹೊಡೆದುಬಿಡಿ’ ಅನ್ನುತ್ತೇವೆ. ಎಡವುವುದು ಅಲ್ಲೇ. ಬಾಗಿಲನ್ನು ಯಾರೂ ತುಳಿಯುವುದಿಲ್ಲ.

ಮೊದಲು ನಿಮ್ಮದು ನಿಜವಾಗಿ ಮರವೇ ನೋಡಿ. ಲ್ಯಾಮಿನೇಟ್ ಹಲಗೆಯ ಮೇಲೆ ಕಾಣುವುದು ಮರದ ಚಿತ್ರ ಅಚ್ಚಾದ ಕಾಗದ. ಅದನ್ನು ಉಜ್ಜಿದರೆ ಚಿತ್ರವೇ ಹೋಗುತ್ತದೆ, ಸ್ಟೇನ್ ಇಳಿಯುವುದೇ ಇಲ್ಲ. ನಿಜವಾದ ಮರವಾದರೆ ಒಂದು ಹನಿ ನೀರು ಬಿಟ್ಟು ನೋಡಿ: ಹೀರಿಕೊಂಡರೆ ಹಳೆಯ ಲೇಪ ಸವೆದುಹೋಗಿದೆ. ಮೂಲೆಯಲ್ಲಿ ಸ್ಪಿರಿಟ್ ಸವರಿದಾಗ ಅಂಟಂಟಾದರೆ ಇರುವುದು ಅರಗಿನ ಪಾಲಿಶ್.

ಎಣ್ಣೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹರಳೆಣ್ಣೆ, ಕೊಬ್ಬರಿ ಎಣ್ಣೆ, ಹೊಂಗೆ ಎಣ್ಣೆ ಮರಕ್ಕೆ ಒರೆಸುವ ರೂಢಿ ಇದೆ. ಹೊಳಪೇನೋ ಬರುತ್ತದೆ. ಆದರೆ ಇವು ಒಣಗುವ ಎಣ್ಣೆಗಳಲ್ಲ. ಜಿಡ್ಡಾಗಿಯೇ ಉಳಿದು ನಮ್ಮ ಕೆಂಪು ಧೂಳನ್ನೆಲ್ಲ ಹಿಡಿದುಕೊಳ್ಳುತ್ತವೆ. ಮೇಲೆ ವಾರ್ನಿಷ್ ಹೊಡೆದರೂ ಕಚ್ಚುವುದಿಲ್ಲ. ಅಗಸೆ ಬೀಜದ ಎಣ್ಣೆ, ಅಂಗಡಿಯವರ ಲಿನ್ಸೀಡ್ ಆಯಿಲ್, ಹಾಗಲ್ಲ. ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿ ಪೊರೆಯಾಗುತ್ತದೆ. ರಾಗಿ ಹೊಲದ ಅಂಚಿನಲ್ಲಿ ಹಾಕುವ ಹುಚ್ಚೆಳ್ಳಿನ ಎಣ್ಣೆಯೂ ಈ ಗುಣಕ್ಕೆ ಹತ್ತಿರ, ಆದರೆ ಬಹಳ ನಿಧಾನ. ಹೆಚ್ಚು ಓಡಾಟವಿಲ್ಲದ ಅಟ್ಟಕ್ಕೆ ಲಿನ್ಸೀಡ್ ಎಣ್ಣೆಯೇ ನನಗೆ ಇಷ್ಟ: ತೆಳುವಾಗಿ ಹಚ್ಚಿ, ಕಾಲು ಗಂಟೆ ಬಿಟ್ಟು, ಹೆಚ್ಚಾದದ್ದನ್ನು ಪೂರ್ತಿ ಒರೆಸಬೇಕು. ಸವೆದ ಕಡೆಗೆ ಮಾತ್ರ ಮತ್ತೆ ಹಚ್ಚಬಹುದು.

ಒಂದು ಎಚ್ಚರಿಕೆ ದಯವಿಟ್ಟು ಮರೆಯಬೇಡಿ. ಈ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ನೀರಲ್ಲಿ ಅದ್ದಿ, ಹೊರಗೆ ಒಂದೊಂದಾಗಿ ಬಿಡಿಸಿ ಹರವಿ.

ಫ್ರೆಂಚ್ ಪಾಲಿಶ್ ಅಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವುದೂ ಅರಗೇ. ಅಲ್ಲಿ ಅದು ತಿರುಗುವ ಮರದ ಉಜ್ಜಾಟದ ಬಿಸಿಗೆ ಕರಗಿ ಹತ್ತುತ್ತದೆ. ಗೊಂಬೆಗೆ, ಕಪಾಟಿಗೆ ಚೆಂದ. ನೀರು ನಿಂತರೆ ಬೆಳ್ಳಗಾಗುತ್ತದೆ, ಆದ್ದರಿಂದ ದಿನಾ ತೊಳೆದು ಅರಿಸಿನ ಹಚ್ಚುವ ಹೊಸ್ತಿಲಿಗೂ ಬೇಡ, ನೆಲಕ್ಕಂತೂ ಬೇಡವೇ ಬೇಡ. ಮೆಲಮೈನ್ ಮನೆಯೊಳಗಿನ ಪೀಠೋಪಕರಣಕ್ಕೆ ಸರಿ, ಬಿಸಿಲಿಗೆ ತಡೆಯದು. ತುಳಿಯುವ ಜಾಗಕ್ಕೆ ಪಿಯು, ಅಂದರೆ ಪಾಲಿಯುರೆಥೇನ್, ಬೇಕು. ಅದರಲ್ಲೂ ಡಬ್ಬಿಯ ಮೇಲೆ ನೆಲಕ್ಕೆಂದು ಬರೆದಿರುವುದು. ಎಣ್ಣೆ ಆಧಾರಿತ ಪಿಯು ಮರಕ್ಕೆ ಜೇನಿನ ಬಣ್ಣ ತರುತ್ತದೆ. ನೀರಿನ ಆಧಾರದ್ದು ಬಣ್ಣ ಬದಲಿಸದು, ವಾಸನೆ ಕಡಿಮೆ, ಬೇಗ ಒಣಗುತ್ತದೆ.

ಸ್ಟೇನ್ ಬಣ್ಣ ಕೊಡುತ್ತದೆ, ಕಾಯುವುದಿಲ್ಲ. ಮೇಲೆ ಲೇಪ ಬೇಕೇ ಬೇಕು. ತೇಗಕ್ಕೆ ಸ್ಟೇನ್ ಹೊಡೆಯಲು ನನಗೆ ಮನಸ್ಸು ಬರುವುದಿಲ್ಲ. ಅದರಲ್ಲಿ ತನ್ನದೇ ಎಣ್ಣೆ ಇರುವುದರಿಂದ ಲೇಪಕ್ಕೆ ಮುಂಚೆ ಥಿನ್ನರ್‌ನಿಂದ ಒರೆಸಬೇಕು. ಶ್ರೀನಿವಾಸಪುರದ ಕಡೆಯಿಂದ ಬರುವ ಮಾವಿನ ಹಲಗೆ ಸ್ಟೇನನ್ನು ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಕುಡಿದು ಮಚ್ಚೆಮಚ್ಚೆಯಾಗಬಹುದು. ಮೊದಲು ತೆಳುವಾಗಿ ಒಂದು ಕೈ ಸೀಲರ್ ಕೊಟ್ಟರೆ ಸಮನಾಗುತ್ತದೆ. ಏನೇ ಆಗಲಿ, ಅದೇ ಮರದ ಚೂರಿನ ಮೇಲೆ ಸ್ಟೇನೂ ಲೇಪವೂ ಎರಡನ್ನೂ ಹಚ್ಚಿ, ಒಣಗಿಸಿ, ಹಗಲು ಬೆಳಕಲ್ಲಿ ನೋಡಿ ಒಪ್ಪಿಕೊಳ್ಳಿ.

ಊರಿನ ಹೆಸರಿನಲ್ಲೇ ಹುತ್ತ ಕೇಳಿಸುವ ನೆಲ ನಮ್ಮದು. ಯಾವ ಪಾಲಿಶ್ಶೂ ಗೆದ್ದಲಿಗೆ ಔಷಧಿಯಲ್ಲ. ಅದರ ಉಪಚಾರ ಮೊದಲು ಮುಗಿಸಿ, ಮರ ಒಣಗಿದ ಮೇಲೆ ಈ ಕೆಲಸ.

ಉಜ್ಜುವುದು 60 ಅಥವಾ 80 ನಂಬರಿನ ಉಪ್ಪುಕಾಗದದಿಂದ ಶುರು, 100, ಕೊನೆಗೆ 120. ಯಾವಾಗಲೂ ನಾರಿನ ಉದ್ದಕ್ಕೆ. ಅಡ್ಡ ಉಜ್ಜಿದ ಗೀರು ಸ್ಟೇನ್ ಹಚ್ಚಿದಾಗ ಎದ್ದು ಕಾಣುತ್ತದೆ. ಹಳೆಯ ಬಣ್ಣ ಬಳಿದ ಹಲಗೆಯಾದರೆ ಒಣದಾಗಿ ಉಜ್ಜಬೇಡಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಹಿಂದಿನ ಬಣ್ಣದ ಧೂಳು ಮಕ್ಕಳಿಗೆ ವಿಷವಾಗಬಹುದು. ಸ್ಟೇನನ್ನು ಬಟ್ಟೆಯಿಂದ ಹಚ್ಚಿ, ಐದು–ಹತ್ತು ನಿಮಿಷದಲ್ಲಿ ಒರೆಸಿ, ಒಂದು ದಿನ ಬಿಡಿ. ಆಮೇಲೆ ಪಿಯು, ತೆಳುವಾಗಿ ಮೂರು ಕೈ. ಎಣ್ಣೆ ಆಧಾರದ್ದಕ್ಕೆ ಕೈಯಿಂದ ಕೈಗೆ ಒಂದು ದಿನದ ಅಂತರ, ನಡುವೆ 220ರಿಂದ ಹಗುರವಾಗಿ ಉಜ್ಜಿ ಧೂಳು ಒರೆಸಬೇಕು. ಕಿಟಕಿ ತೆರೆದಿರಲಿ. ಥಿನ್ನರ್ ವಾಸನೆ ಇರುವಷ್ಟು ಹೊತ್ತು ಒಲೆ, ದೇವರ ದೀಪ ಎರಡೂ ಬೇಡ.

ಕಾಲ ಅಂದರೆ ಸಂಕ್ರಾಂತಿಯಿಂದ ಯುಗಾದಿಯವರೆಗೆ. ಮಳೆಗಾಲದಲ್ಲಿ ಲೇಪ ಒಣಗುವುದಿಲ್ಲ, ಆಷಾಢದ ಗಾಳಿ ಧೂಳು ತಂದು ಅಂಟಿಸುತ್ತದೆ, ಕಡುಬೇಸಿಗೆಯ ಮಧ್ಯಾಹ್ನ ಬ್ರಷ್ ಎಳೆಯುವಷ್ಟರಲ್ಲಿ ಒಣಗಿ ಗುರುತು ಉಳಿಯುತ್ತದೆ. ಕೊನೆಯ ಕೈ ಆದ ಮರುದಿನ ಬರಿಗಾಲಲ್ಲಿ ನಡೆಯಬಹುದು. ಪೂರ್ತಿ ಗಟ್ಟಿಯಾಗಲು ಎಣ್ಣೆ ಆಧಾರದ್ದಕ್ಕೆ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಚಾಪೆ ಹಾಸಬೇಡಿ, ಟ್ರಂಕನ್ನೂ ರಾಗಿ ಮೂಟೆಯನ್ನೂ ಅಟ್ಟಕ್ಕೆ ಏರಿಸಬೇಡಿ.