ಕಂದು ಮೈಗೆ ಬೇಸಿಗೆಯಲ್ಲಿ ಒಪ್ಪುವ ಬಣ್ಣ ಯಾವುದು?

ಯುಗಾದಿ ಕಳೆದು ಮದುವೆಗಳ ಕಾಲ ಬಂತೆಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಬಟ್ಟೆ ಅಂಗಡಿಗಳು ಗಿಜಿಗುಡುತ್ತವೆ. ಹರಡಿದ ಸೀರೆಗಳ ನಡುವೆ ಒಂದು ಮಾತು ಅಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ: “ಈ ಬಣ್ಣ ನಿಮಗ ಒಪ್ಪಂಗಿಲ್ರಿ, ಬ್ಯಾರೆ ನೋಡ್ರಿ.” ಕೆಲವೊಮ್ಮೆ ಅಂಗಡಿಯವರು, ಹಲವು ಬಾರಿ ಜೊತೆಗೆ ಬಂದ ಬಂಧುಗಳೇ ಹೀಗೆ ಹೇಳುತ್ತಾರೆ. ಹೇಳಿಸಿಕೊಳ್ಳುವವರು ಸಾಮಾನ್ಯವಾಗಿ ಎಣ್ಣೆಗೆಂಪು ಅಥವಾ ಸಾದಗಪ್ಪು ಮೈಬಣ್ಣದವರು. ಅವರು ತಾವು ಮೆಚ್ಚಿದ ಬಟ್ಟೆಯನ್ನು ಮಾತಿಲ್ಲದೆ ಪಕ್ಕಕ್ಕಿಡುತ್ತಾರೆ.

ಬಣ್ಣ ‘ಒಪ್ಪುವುದು’ ಎಂದರೆ ಏನು? ಅದು ಬರೀ ರೂಢಿಯ ಮಾತೇ, ಅಥವಾ ಅದರ ಹಿಂದೆ ಭೌತವಿಜ್ಞಾನವೂ ಇದೆಯೇ? ಇನ್ನೊಂದು ಪ್ರಶ್ನೆಯೂ ಉಂಟು. ರಾಯಚೂರು ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳುಗಳ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆಗ ಉಡುವ ಬಟ್ಟೆ ಚೆಂದ ಕಂಡರಷ್ಟೇ ಸಾಲದು, ಮೈಯನ್ನೂ ಕಾಯಬೇಕು. ಈ ಎರಡೂ ಕೆಲಸಗಳನ್ನು ಒಂದೇ ಬಣ್ಣ ಮಾಡಬಲ್ಲುದೇ? ನೋಡೋಣ.

ಕಾಮನಬಿಲ್ಲಿನಲ್ಲಿ ಇಲ್ಲದ ಬಣ್ಣ

ಕಾಮನಬಿಲ್ಲನ್ನು ನೀವು ಎಷ್ಟೋ ಸಲ ನೋಡಿದ್ದೀರಿ. ಅದರಲ್ಲಿ ಕಂದು ಬಣ್ಣವನ್ನು ಕಂಡಿದ್ದೀರಾ? ಕಾಣಲು ಸಾಧ್ಯವಿಲ್ಲ. ಕಂದು ಎಂಬುದು ಬೇರೆ ಬಣ್ಣವೇ ಅಲ್ಲ. ಸುತ್ತಲಿನ ವಸ್ತುಗಳಿಗಿಂತ ಮಂಕಾಗಿ ಕಾಣುವ ಕಿತ್ತಳೆಯೇ ಕಂದು. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಕಪ್ಪು ಕಾಗದವನ್ನು ಸುರುಳಿ ಸುತ್ತಿ ಕೊಳವೆ ಮಾಡಿ. ಕಂದು ಬಣ್ಣದ ರಟ್ಟಿನ ಮೇಲೆ ಪ್ರಖರವಾದ ಬೆಳಕು ಬೀಳುವಂತೆ ಇರಿಸಿ, ರಟ್ಟು ಮಾತ್ರ ಕಾಣುವಂತೆ ಕೊಳವೆಯ ಮೂಲಕ ನೋಡಿ. ಸುತ್ತಲಿನ ಬೆಳಕು ಮರೆಯಾದಾಗ ಕಂದು ರಟ್ಟು ಕಿತ್ತಳೆಯತ್ತ ತಿರುಗಿದಂತೆ ಕಾಣುತ್ತದೆ.

ಮನುಷ್ಯರ ಚರ್ಮವೆಲ್ಲ ಈ ಕಿತ್ತಳೆಯ ಕುಟುಂಬಕ್ಕೇ ಸೇರಿದ್ದು. ಚರ್ಮದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯ ಅತಿನೇರಳೆ ಮತ್ತು ನೀಲಿ ಬೆಳಕನ್ನು ಹೆಚ್ಚಾಗಿ, ಕೆಂಪು ಬೆಳಕನ್ನು ಕಡಿಮೆಯಾಗಿ ಹೀರುತ್ತದೆ. ಚರ್ಮದಡಿಯ ರಕ್ತದಲ್ಲಿರುವ ಹಿಮೊಗ್ಲೋಬಿನ್ 540ರಿಂದ 580 ನ್ಯಾನೊಮೀಟರ್ ತರಂಗದೂರದ ಆಸುಪಾಸಿನ ಹಸಿರು-ಹಳದಿ ಬೆಳಕನ್ನು ಹೀರುತ್ತದೆ. ಇವೆರಡನ್ನೂ ಕಳೆದು ನಮ್ಮ ಕಣ್ಣಿಗೆ ಬರುವ ಬೆಳಕಿನಲ್ಲಿ ಕೆಂಪಿನ ಕಡೆಯ ಪಾಲೇ ಹೆಚ್ಚು. ಗೋಧಿಬಣ್ಣದವರಿಗೂ ಸಾದಗಪ್ಪಿನವರಿಗೂ ಇರುವ ವ್ಯತ್ಯಾಸ ಮುಖ್ಯವಾಗಿ ಹಿಂದಿರುಗುವ ಬೆಳಕಿನ ಪ್ರಮಾಣದ್ದು. ವರ್ಣದ್ದು ಬಹಳ ಕಡಿಮೆ. ನಾವು ‘ಕಪ್ಪು’ ಎಂದು ಕರೆಯುವ ಮೈ ಭೌತವಿಜ್ಞಾನದ ದೃಷ್ಟಿಯಲ್ಲಿ ಕಪ್ಪಲ್ಲ, ಗಾಢವಾದ ಕಿತ್ತಳೆ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಗಣಿಯಿಂದ ತೆಗೆಯುವ ಚಿನ್ನವನ್ನೇ ತೆಗೆದುಕೊಳ್ಳಿ. ಅದೂ ನೀಲಿ ಬೆಳಕನ್ನು ಹೀರಿ ಹಳದಿ, ಕೆಂಪನ್ನು ಹಿಂದಿರುಗಿಸುತ್ತದೆ. ಕಂದು ಕೊರಳಿಗೆ ಚಿನ್ನದ ಸರ ಚೆನ್ನಾಗಿ ಹೊಂದುವುದಕ್ಕೆ ಇದೂ ಒಂದು ಕಾರಣ: ಎರಡರ ವರ್ಣ ಹತ್ತಿರ, ಹೊಳಪು ಮಾತ್ರ ದೂರ.

ನೆರೆಬಣ್ಣದ ಪ್ರಭಾವ

ಫ್ರಾನ್ಸಿನ ರಸಾಯನವಿಜ್ಞಾನಿ ಮಿಷೆಲ್ ಯೂಜೀನ್ ಷೆವ್ರಲ್ ಪ್ಯಾರಿಸ್ಸಿನ ಗೋಬ್ಲಾನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ. ಕಪ್ಪು ನೂಲಿನ ಬಣ್ಣ ಸರಿಯಾಗಿ ಕೂತಿಲ್ಲ ಎಂಬ ದೂರು ಅವನ ಬಳಿ ಬಂದಿತು. ಪರೀಕ್ಷಿಸಿದಾಗ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿ ನೇಯ್ದಿದ್ದ ನೀಲಿ, ನೇರಳೆ ನೂಲುಗಳಿಂದಾಗಿ ಕಪ್ಪು ಪೇಲವವಾಗಿ ಕಾಣುತ್ತಿತ್ತು. ದೋಷವಿದ್ದದ್ದು ಬಣ್ಣದ ಬಾನಿಯಲ್ಲಲ್ಲ, ನೋಡುವ ಕಣ್ಣಿನ ಕೆಲಸದ ರೀತಿಯಲ್ಲಿ! 1839ರಲ್ಲಿ ಪ್ರಕಟವಾದ ಅವನ ಪುಸ್ತಕ ಈ ವಿದ್ಯಮಾನವನ್ನು ವಿವರವಾಗಿ ಚರ್ಚಿಸಿತು. ಮುಖದ ಬಣ್ಣಕ್ಕೂ ಉಡುಪಿನ ಬಣ್ಣಕ್ಕೂ ಇರುವ ಸಂಬಂಧಕ್ಕೂ ಅದರಲ್ಲಿ ಜಾಗವಿತ್ತು.

ಅಕ್ಕಪಕ್ಕದ ಎರಡು ಬಣ್ಣಗಳನ್ನು ಕಣ್ಣು ಬೇರೆ ಬೇರೆಯಾಗಿ ಅಳೆಯುವುದಿಲ್ಲ. ಅವುಗಳ ವ್ಯತ್ಯಾಸವನ್ನು ಹಿಗ್ಗಿಸಿ ತೋರಿಸುತ್ತದೆ. ಒಂದೇ ಬೂದು ಕಾಗದದಿಂದ ಕತ್ತರಿಸಿದ ಎರಡು ಚೂರುಗಳನ್ನು ಕೆಂಪು ಮತ್ತು ನೀಲಿ ಬಟ್ಟೆಗಳ ಮೇಲೆ ಇಟ್ಟು ನೋಡಿ. ಕೆಂಪಿನ ಮೇಲಿನ ಚೂರಿಗೆ ಹಸಿರು ಛಾಯೆ, ನೀಲಿಯ ಮೇಲಿನದಕ್ಕೆ ಹಳದಿ ಛಾಯೆ ಬಂದಂತೆ ತೋರುತ್ತದೆ. ಅಂದರೆ ಪ್ರತಿಯೊಂದು ಬಣ್ಣವೂ ತನ್ನ ನೆರೆಯನ್ನು ತನ್ನ ಪೂರಕ ವರ್ಣದ ಕಡೆಗೆ ತಳ್ಳುತ್ತದೆ.

ಇದನ್ನು ಮುಖಕ್ಕೆ ಅನ್ವಯಿಸಿ. ಕಿತ್ತಳೆಗೆ ಪೂರಕ ವರ್ಣ ನೀಲಿ. ಆದ್ದರಿಂದ ನೀಲಿ, ನವಿಲುಬಣ್ಣ, ನೀಲಿ ಬೆರೆತ ಹಸಿರು ಇವುಗಳ ಪಕ್ಕದಲ್ಲಿ ಕಂದು ಮುಖಕ್ಕೆ ಹೊಂಬಣ್ಣದ ಕಳೆ ಬರುತ್ತದೆ. ಕಣ್ಣು ಕುಕ್ಕುವ ಕಿತ್ತಳೆಯ ಪಕ್ಕದಲ್ಲಿ ಅದೇ ಮುಖ ಸ್ವಲ್ಪ ಬೂದುಬೂದಾಗಿ ತೋರಬಹುದು. ಖಾಕಿ, ಮಣ್ಣಿನ ಬಣ್ಣಗಳು ವರ್ಣದಲ್ಲೂ ಹೊಳಪಿನಲ್ಲೂ ಚರ್ಮಕ್ಕೆ ತೀರ ಹತ್ತಿರ. ಮುಖವೂ ಬಟ್ಟೆಯೂ ಒಂದರಲ್ಲೊಂದು ಕಲಸಿಹೋದಂತಾಗುತ್ತದೆ. ಕಡು ಕುಂಕುಮ ಕೆಂಪಿಗೆ ಈ ತೊಂದರೆಯಿಲ್ಲ. ಅದು ಚರ್ಮದ ವರ್ಣಕ್ಕೆ ಸಮೀಪವಿದ್ದರೂ ಬಹಳ ಗಾಢವಾದ್ದರಿಂದ ಬೇರೆಯಾಗಿಯೇ ನಿಲ್ಲುತ್ತದೆ.

ಲಿಂಗಸುಗೂರಿಗೆ ದೂರವೇನಲ್ಲದ ಇಳಕಲ್ಲಿನ ಸೀರೆಯನ್ನು ಗಮನಿಸಿ. ಗಾಢ ಬಣ್ಣದ ಒಡಲು, ಕೆಂಪು ಸೆರಗು, ಒಡಲಿನಿಂದ ಎದ್ದು ಕಾಣುವ ದಡಿ. ಷೆವ್ರಲ್ ಪುಸ್ತಕದಲ್ಲಿ ಬರೆದದ್ದನ್ನು ನಮ್ಮ ನೇಕಾರರು ಮಗ್ಗದ ಮೇಲೆಯೇ ಕಂಡುಕೊಂಡಿದ್ದರು.

ಗಲ್ಲದ ಕೆಳಗಿನ ಬೆಳಕು

ಬಟ್ಟೆ ಬೆಳಕನ್ನು ಪ್ರತಿಫಲಿಸುತ್ತದೆ ಎಂಬುದು ಗೊತ್ತೇ ಇದೆ. ಆ ಬೆಳಕಿನ ಒಂದು ಪಾಲು ಗಲ್ಲಕ್ಕೂ ಕೆನ್ನೆಗೂ ಬೀಳುತ್ತದೆ. ನಮ್ಮ ಸೀಮೆಯಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. ಈ ಮೂರು ಊರುಗಳು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಮೇ ಮೊದಲ ವಾರದಲ್ಲಿ, ಮಧ್ಯಾಹ್ನ 12 ಗಂಟೆ 20 ನಿಮಿಷದ ಸುಮಾರಿಗೆ ಸೂರ್ಯ ಇಲ್ಲಿ ನೇರ ನೆತ್ತಿಯ ಮೇಲಿರುತ್ತಾನೆ. ನೆಟ್ಟ ಗೂಟಕ್ಕೆ ನೆರಳೇ ಇರುವುದಿಲ್ಲ. ಆಗಸ್ಟ್ 8, 9ರ ಆಸುಪಾಸಿನಲ್ಲಿ ಇದು ಮತ್ತೊಮ್ಮೆ ನಡೆಯುತ್ತದೆ. ಅಂಥ ಬಿಸಿಲಿನಲ್ಲಿ ಹುಬ್ಬು, ಮೂಗು, ಗಲ್ಲಗಳ ಕೆಳಗೆ ಕಡು ನೆರಳು ಬಿದ್ದು ಯಾರ ಮುಖವಾದರೂ ಬಳಲಿದಂತೆ ಕಾಣುತ್ತದೆ. ಬಿಳಿ, ಕೆನೆ, ತಿಳಿಹಳದಿ ಬಟ್ಟೆಗಳು ಬೆಳಕನ್ನು ಮೇಲಕ್ಕೆ ಚೆಲ್ಲಿ ಈ ನೆರಳನ್ನು ತುಂಬುತ್ತವೆ. ಮಿಂಚುವ ಗಿಳಿಹಸಿರಾದರೆ ಗಲ್ಲಕ್ಕೂ ಹಸಿರನ್ನು ಹಚ್ಚುತ್ತದೆ.

“ಬಿಳಿ ಅಂಗಿ ಹಾಕಿದರೆ ಮುಖ ಇನ್ನೂ ಕಪ್ಪು ಕಾಣುತ್ತದೆ” ಎನ್ನುವವರಿದ್ದಾರೆ. ಹೊಳಪಿನ ವ್ಯತ್ಯಾಸವನ್ನು ಕಣ್ಣು ಹಿಗ್ಗಿಸುವುದರಿಂದ ಇದರಲ್ಲಿ ಸ್ವಲ್ಪ ಸತ್ಯವಿದೆ. ಫೋಟೋದಲ್ಲಿ ಇದು ಇನ್ನೂ ಹೆಚ್ಚು. ಕ್ಯಾಮೆರಾ ಚಿತ್ರದ ಒಟ್ಟು ಬೆಳಕನ್ನು ಅಳೆಯುವಾಗ ಬಿಳಿ ಅಂಗಿಯಿಂದ ಮೋಸಹೋಗಿ ಎಲ್ಲವನ್ನೂ ಮಬ್ಬಾಗಿಸುತ್ತದೆ. ಮೊಬೈಲಿನ ತೆರೆಯ ಮೇಲೆ ಮುಖವಿರುವ ಕಡೆ ಬೆರಳಿಟ್ಟರೆ ಅದು ಮುಖದ ಬೆಳಕನ್ನೇ ಅಳೆದು ತಪ್ಪನ್ನು ತಿದ್ದಿಕೊಳ್ಳುತ್ತದೆ. ಕ್ಯಾಮೆರಾದ ಲೆಕ್ಕ ತಪ್ಪಿದ್ದಕ್ಕೆ ಮೈಬಣ್ಣವನ್ನು ದೂರುವುದು ನ್ಯಾಯವಲ್ಲ!

ಅಂಗಡಿಯ ದೀಪವನ್ನು ಪೂರ್ತಿ ನಂಬಬೇಡಿ

ಅಂಗಡಿಯಲ್ಲಿ ಒಂದು ಬಣ್ಣ, ಮನೆಗೆ ತಂದರೆ ಇನ್ನೊಂದು ಬಣ್ಣ! ಇದು ನಿಮ್ಮ ಅನುಭವವೂ ಆಗಿರಬಹುದು. ಬಿಸಿಲಿನಲ್ಲಿ ಎಲ್ಲ ತರಂಗದೂರಗಳ ಬೆಳಕೂ ಹೆಚ್ಚು ಕಡಿಮೆ ಸಮನಾಗಿರುತ್ತದೆ. ಬಿಳಿ ಎಲ್‌ಇಡಿ ದೀಪದಲ್ಲಿ ಹಾಗಲ್ಲ. ಸಾಮಾನ್ಯವಾಗಿ ನೀಲಿಯ ಒಂದು ಭಾಗ ಹೆಚ್ಚಾಗಿಯೂ, ಗಾಢ ಕೆಂಪು ಕಡಿಮೆಯಾಗಿಯೂ ಇರುತ್ತದೆ. ಆದ್ದರಿಂದ ಅಂಗಡಿಯಲ್ಲಿ ಒಂದೇ ಬಣ್ಣದಂತೆ ಕಂಡ ಸೀರೆ ಮತ್ತು ಕುಬಸ ಬಿಸಿಲಿಗೆ ಬಂದಾಗ ಬೇರೆಯಾಗಬಹುದು. ಕೆಂಪು ಕಡಿಮೆಯಿರುವ ದೀಪದಲ್ಲಿ ಕಂದು ಮುಖವೂ ತನ್ನ ಕಳೆಯನ್ನು ಕಳೆದುಕೊಳ್ಳುತ್ತದೆ. ಬಟ್ಟೆಯನ್ನು ಬಾಗಿಲ ಬಳಿ ತಂದು, ಕೊರಳ ಹತ್ತಿರ ಹಿಡಿದು, ಹಗಲಿನ ಬೆಳಕಿನಲ್ಲಿ ಕನ್ನಡಿ ನೋಡಿಯೇ ತೀರ್ಮಾನಿಸಿ.

ಸೆಕೆಗೆ ಬಿಳಿಯೇ ಬೇಕೆ?

ಇನ್ನು ಬಿಸಿಯ ಮಾತು. ಕಪ್ಪು ಬಟ್ಟೆ ಬೆಳಕನ್ನು ಹೆಚ್ಚು ಹೀರುತ್ತದೆ, ಬಿಳಿ ಬಟ್ಟೆ ಹೆಚ್ಚು ಹಿಂದಿರುಗಿಸುತ್ತದೆ; ಇದು ಶಾಲೆಯ ಪಾಠ. ಪಾಠ ಸರಿ, ಆದರೆ ಅಪೂರ್ಣ. ನೆಲಕ್ಕೆ ತಲುಪುವ ಸೂರ್ಯಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿದೆ. ಬಟ್ಟೆಗೆ ಹಾಕುವ ಅನೇಕ ಬಣ್ಣಗಳು ಈ ಕಿರಣಗಳನ್ನು ಅಷ್ಟಾಗಿ ಹೀರುವುದಿಲ್ಲ. ಆದ್ದರಿಂದ ಕಣ್ಣಿಗೆ ಗಾಢವಾಗಿ ಕಂಡ ಬಟ್ಟೆ ಅದೇ ಪ್ರಮಾಣದಲ್ಲಿ ಬಿಸಿಯಾಗಬೇಕೆಂದಿಲ್ಲ.

1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಶ್ಕೊಲ್ನಿಕ್ ಮತ್ತು ಸಂಗಡಿಗರು ಒಂದು ಪ್ರಯೋಗವನ್ನು ವರದಿ ಮಾಡಿದರು. ಮರುಭೂಮಿಯ ಬೆಡೂಯಿನ್ ಜನ ಅಷ್ಟು ಬಿಸಿಲಿನಲ್ಲಿ ಕಪ್ಪು ನಿಲುವಂಗಿ ತೊಡುವುದೇಕೆ ಎಂಬುದು ಅವರ ಪ್ರಶ್ನೆ. ಮಧ್ಯಾಹ್ನದ ಬಿಸಿಲಿನಲ್ಲಿ ಅಳೆದು ನೋಡಿದಾಗ ಕಪ್ಪು ನಿಲುವಂಗಿಯ ಮೇಲ್ಮೈ ಹೆಚ್ಚು ಬಿಸಿಯಾಗಿತ್ತು. ಆದರೆ ದೇಹಕ್ಕೆ ತಲುಪಿದ ಉಷ್ಣ ಎರಡರಲ್ಲೂ ಒಂದೇ ಆಗಿತ್ತು. ಸಡಿಲವಾದ ಬಟ್ಟೆ ಹೀರಿದ ಹೆಚ್ಚಿನ ಉಷ್ಣ ಚರ್ಮವನ್ನು ಮುಟ್ಟುವ ಮೊದಲೇ ಗಾಳಿಗೆ ಹೋಗಿಬಿಡುತ್ತಿತ್ತು.

ನೀವೂ ಮಾಡಿ ನೋಡಿ. ಒಂದೇ ಬಗೆಯ ಕಪ್ಪು ಮತ್ತು ಬಿಳಿ ಹತ್ತಿ ಬಟ್ಟೆಗಳ ತುಂಡುಗಳನ್ನು ಬಿಸಿಲಿನಲ್ಲಿ ಹರಡಿ. ಮೊದಲು ಪ್ರಯೋಗಶಾಲೆಯ ಉಷ್ಣತಾಮಾಪಕಗಳು ಬಟ್ಟೆಗೆ ತಾಗುವಂತೆ ಇಟ್ಟು ಕಾಲು ಗಂಟೆ ಬಿಡಿ. ಆಮೇಲೆ ಬಟ್ಟೆಗಳನ್ನು ನಾಲ್ಕು ಬೆರಳು ಎತ್ತರಿಸಿ ಕಟ್ಟಿ, ನಡುವೆ ಗಾಳಿ ಆಡುವಂತೆ ಮಾಡಿ ಮತ್ತೆ ಅಳೆಯಿರಿ. ಎರಡನೆಯ ಸಲ ವ್ಯತ್ಯಾಸ ಕುಗ್ಗಿರುವುದನ್ನು ಕಾಣುತ್ತೀರಿ. ಅಂದರೆ ಬಿಗಿಯಾದ ಬಟ್ಟೆ ಉಡುವವರಿಗೆ ತಿಳಿಬಣ್ಣವೇ ಬೇಕು. ಸಡಿಲವಾದದ್ದನ್ನು ಉಡುವವರಿಗೆ ಬಣ್ಣದ ಆಯ್ಕೆಯಲ್ಲಿ ಸ್ವಾತಂತ್ರ್ಯ ಹೆಚ್ಚು.

ಬಣ್ಣಕ್ಕಿಂತ ಮುಖ್ಯವಾದದ್ದು ಬೆವರು. ಗಾಳಿಯ ಉಷ್ಣತೆ ಚರ್ಮದ ಉಷ್ಣತೆಯಾದ ಸುಮಾರು 35 ಡಿಗ್ರಿಯನ್ನು ದಾಟಿದ ಮೇಲೆ ದೇಹ ತಂಪಾಗಲು ಬೆವರು ಆವಿಯಾಗುವುದೊಂದೇ ದಾರಿ. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 2,400 ಜೂಲ್ ಉಷ್ಣವನ್ನು ಒಯ್ಯುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಹೀಗೆ ತಂಪು ನೀಡುವುದಿಲ್ಲ. ಗಾಳಿಯಾಡದ ಕೃತಕ ನೂಲಿನ ಬಿಗಿ ಬಟ್ಟೆ ಎಷ್ಟೇ ಬಿಳಿಯಾಗಿದ್ದರೂ ಮೇ ತಿಂಗಳಿಗೆ ಸಲ್ಲದು.

ಕಾಣದ ಕಿರಣಗಳಿಗೆ ಗಾಢ ಬಣ್ಣ

ಅತಿನೇರಳೆ ಕಿರಣಗಳ ವಿಷಯದಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ತೆಳುವಾದ ಬಿಳಿ ಹತ್ತಿ ಟೀ-ಶರ್ಟು ತನ್ನ ಮೇಲೆ ಬಿದ್ದ ಅತಿನೇರಳೆಯಲ್ಲಿ ಸುಮಾರು ಐದು, ಆರರಲ್ಲೊಂದು ಪಾಲನ್ನು ಒಳಕ್ಕೆ ಬಿಡುತ್ತದೆ. ಒದ್ದೆಯಾದರೆ ಇನ್ನೂ ಹೆಚ್ಚು. ಅದೇ ನೇಯ್ಗೆಯ ಗಾಢ ನೀಲಿ ಅಥವಾ ಕಡು ಕೆಂಪು ಬಟ್ಟೆ ಬಹಳ ಕಡಿಮೆ ಬಿಡುತ್ತದೆ. ಒತ್ತಾದ ನೇಯ್ಗೆ ಇನ್ನೂ ಉತ್ತಮ.

ಮೆಲನಿನ್ ಇರುವ ನಮಗೆ ಈ ಚಿಂತೆ ಏಕೆ ಎನ್ನಬಹುದು. ಮೆಲನಿನ್ ನಿಜವಾಗಿಯೂ ಒಳ್ಳೆಯ ಕೊಡೆ. 1979ರ ಒಂದು ಅಧ್ಯಯನದಲ್ಲಿ ಬಿಳಿಯರ ಹೊರಚರ್ಮ ಅತಿನೇರಳೆ-ಬಿ ಕಿರಣಗಳ ಶೇಕಡಾ 24ರಷ್ಟನ್ನು ಒಳಕ್ಕೆ ಬಿಟ್ಟರೆ, ಆಫ್ರಿಕನ್ ಮೂಲದವರ ಕಪ್ಪು ಚರ್ಮ ಬಿಟ್ಟದ್ದು ಶೇಕಡಾ 7.4 ಮಾತ್ರ. ನಮ್ಮಲ್ಲಿ ಬಹುಪಾಲು ಜನ ಇವೆರಡರ ನಡುವೆ ಇದ್ದೇವೆ. ಆದರೆ ಕೊಡೆಗೂ ಮಿತಿಯುಂಟು. ಮುಖದ ಮೇಲೆ ಬಂಗು ಮೂಡುವುದಕ್ಕೆ, ಬಿಸಿಲಿಗೆ ಒಡ್ಡಿದ ಮುಂಗೈ ಇನ್ನಷ್ಟು ಕಪ್ಪಾಗುವುದಕ್ಕೆ ಕಂದು ಮೈಯೂ ಹೊರತಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತದ ನಾಟಿ ಮಾಡುವ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ಉದ್ದ ತೋಳಿನ ಅಂಗಿ ತೊಡುವುದನ್ನು ನೀವು ನೋಡಿರುತ್ತೀರಿ. ಆಗಸ್ಟಿನಲ್ಲಿ ಸೂರ್ಯ ಎರಡನೆಯ ಸಲ ನೆತ್ತಿಗೆ ಬರುವುದೂ ಮುಂಗಾರಿನ ನಾಟಿಯ ದಿನಗಳಲ್ಲೇ. ಸಡಿಲ, ಉದ್ದ ತೋಳು, ಹತ್ತಿ: ಈ ಅಂಗಿ ಭೌತವಿಜ್ಞಾನಕ್ಕೆ ಸರಿಯಾದ ಉಡುಪು. ಅದು ಮಾಸಿದ ತೆಳು ಬಿಳಿಯದಾಗಿರದೆ ಗಾಢ ನೀಲಿಯದಾಗಿದ್ದರೆ ಇನ್ನೂ ಮೇಲು.

ಹಾಗಾದರೆ ಯಾವುದನ್ನು ಆರಿಸಬೇಕು?

ಬಿಸಿಲಿನಲ್ಲಿ ಗಂಟೆಗಟ್ಟಲೆ ದುಡಿಯುವವರಿಗೆ ಸಡಿಲವಾದ, ಒತ್ತು ನೇಯ್ಗೆಯ ಹತ್ತಿ ಬಟ್ಟೆ. ನೀಲಿ, ನವಿಲುಬಣ್ಣ, ಕಡು ಹಸಿರು. ತಲೆಗೆ ರುಮಾಲು ಅಥವಾ ಸೆರಗು. ಕಂದು ಮೈಗೆ ಕಳೆ ಕೊಡುವ ಬಣ್ಣಗಳೂ ಇವೇ ಎಂಬುದನ್ನು ಗಮನಿಸಿ. ನೆರಳಿನಲ್ಲಿ, ಕಚೇರಿಯಲ್ಲಿ, ಶಾಲೆಯಲ್ಲಿ ಇರುವವರಿಗೆ ಬಿಳಿ, ಕೆನೆ, ತಿಳಿಹಳದಿ, ತಿಳಿನೀಲಿ. ಸಂಜೆಯ ಮದುವೆಗೆ ಕುಂಕುಮ ಕೆಂಪಾದರೂ ಸರಿ, ಮಾವಿನಹಣ್ಣಿನ ಬಣ್ಣವಾದರೂ ಸರಿ. ಮೆಚ್ಚಿದ ಬಣ್ಣ ಮುಖಕ್ಕೆ ತೀರ ಹತ್ತಿರವೆನಿಸಿದರೆ ಕೊರಳ ಬಳಿ ಬೇರೆ ಬಣ್ಣದ ದಡಿ ಅಥವಾ ದುಪಟ್ಟಾ ಬರಲಿ. ನೆರೆಬಣ್ಣ ಬದಲಾದರೆ ಮುಖದ ಕಳೆಯೂ ಬದಲಾಗುತ್ತದೆ.

ಮೈಯನ್ನೇ ಬೆಳ್ಳಗೆ ಮಾಡಿಕೊಳ್ಳಲು ಹೊರಟವರಿಗೆ ಒಂದು ಮಾತು. 1975ರಲ್ಲಿ ಮಾರುಕಟ್ಟೆಗೆ ಬಂದ ನಮ್ಮ ದೇಶದ ಹೆಸರಾಂತ ಕ್ರೀಮೊಂದು 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಎಂಬ ಪದವನ್ನು ಕೈಬಿಟ್ಟಿತು. ಆದರೆ ವೈದ್ಯರ ಸಲಹೆಯಿಲ್ಲದೆ ಸ್ಟೀರಾಯ್ಡ್ ಇರುವ ಮುಲಾಮುಗಳನ್ನು ಬಣ್ಣಕ್ಕಾಗಿ ಹಚ್ಚುವ ಚಟ ಇನ್ನೂ ಇದೆ. ಅವು ಚರ್ಮವನ್ನು ತೆಳುವಾಗಿಸುತ್ತವೆ. ನೆತ್ತಿಯ ಸೂರ್ಯನ ಕೆಳಗೆ ಬದುಕುವ ನಾವು ನಮಗೆ ದೊರೆತ ಕೊಡೆಯನ್ನು ನಾವೇ ಹರಿದುಕೊಂಡಂತೆ ಅದು.

ಮುಂದಿನ ಸಲ ಯಾರಾದರೂ “ನಿಮಗ ಇದು ಒಪ್ಪಂಗಿಲ್ಲ” ಎಂದರೆ ಬಟ್ಟೆಯನ್ನು ಹಿಡಿದು ಬಾಗಿಲ ಬಳಿ ಬನ್ನಿ. ಹಗಲಿನ ಬೆಳಕಿನಲ್ಲಿ ನಿಮ್ಮ ಕಣ್ಣಿನಿಂದಲೇ ನೋಡಿ. ಒಪ್ಪದಿರುವುದು ಒಂದು ದೀಪ, ಒಂದು ನೆರೆಬಣ್ಣ ಅಥವಾ ಒಂದು ನೇಯ್ಗೆ ಇರಬಹುದು. ನಿಮ್ಮ ಮೈಬಣ್ಣ ಮಾತ್ರ ಅಲ್ಲ.